ರೈಲು ನಿಂತ ಮೇಲೆ ಮಾತಾಡಿದ ಸಿನಿಮಾ

ಮುಂಬೈಯ ಗ್ರ್ಯಾಂಟ್ ರೋಡ್ ನಿಲ್ದಾಣದಲ್ಲಿ ಇಳಿದು ದಕ್ಷಿಣಕ್ಕೆ ನಡೆದರೆ ಸ್ವಲ್ಪ ಹೊತ್ತಿನಲ್ಲೇ ಕೆನಡಿ ಬ್ರಿಜ್ ಸಿಗುತ್ತದೆ. ಕೆಳಗೆ ಪಶ್ಚಿಮ ರೈಲ್ವೆಯ ಹಳಿಗಳು. ಒಂದು ಲೋಕಲ್ ಹೋದ ಸದ್ದು ಅಡಗುವ ಮೊದಲೇ ಇನ್ನೊಂದು ಬರುತ್ತದೆ. ಸೇತುವೆಯ ಕಟ್ಟೆಗೆ ಕೈಯೂರಿ ನಿಂತವನ ಅಂಗೈಗೆ ಅದರ ನಡುಕ ತಾಗುತ್ತದೆ. ಪಕ್ಕದವರ ಮಾತು ಕೇಳಿಸಬೇಕಾದರೆ ರೈಲು ದಾಟುವವರೆಗೆ ಕಾಯಬೇಕು.

ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ ತಯಾರಾದದ್ದು ಈ ಸೇತುವೆಯ ಬಗಲಲ್ಲೇ, ಮುಂದೆ ಜ್ಯೋತಿ ಸ್ಟುಡಿಯೋ ಎಂದು ಹೆಸರಾದ ಜಾಗದಲ್ಲಿ. ತೆಗೆದವರು ಇಂಪೀರಿಯಲ್ ಫಿಲ್ಮ್ ಕಂಪನಿಯ ಅರ್ದೇಶಿರ್ ಇರಾನಿ. ಇದನ್ನೆಲ್ಲ ನಾನು ಮೊದಲೇ ಓದಿದ್ದೆ. ಆದರೆ ಆ ಸದ್ದಿನ ನಡುವೆ ನಿಂತಾಗಲೇ ಅವರ ಧೈರ್ಯ ಎಂಥದ್ದೆಂದು ಅರಿವಾಯಿತು. ಬೇರೆಲ್ಲಾದರೂ ಹೋಗಬಾರದಿತ್ತೇ? ಊರಿನಲ್ಲೇ ಇಷ್ಟು ಗದ್ದಲದ ಜಾಗದಲ್ಲಿ ಕೂತು ಮನುಷ್ಯನ ದನಿಯನ್ನು ಹಿಡಿಯಲು ಹೊರಟರಲ್ಲ!

ಆ ಕಾಲದಲ್ಲಿ ಈಗಿನಂತೆ ಆಮೇಲೆ ಸ್ಟುಡಿಯೋದಲ್ಲಿ ಕೂತು ದನಿ ಕೂಡಿಸುವ ಅನುಕೂಲ ಇರಲಿಲ್ಲ. ಇರಾನಿಯವರು ಬಳಸಿದ ‘ಟ್ಯಾನಾರ್’ ಪದ್ಧತಿಯಲ್ಲಿ ಚಿತ್ರ ಮತ್ತು ಶಬ್ದ ಎರಡೂ ಒಂದೇ ಫಿಲ್ಮಿನ ಮೇಲೆ, ಒಂದೇ ಹೊತ್ತಿಗೆ ದಾಖಲಾಗಬೇಕು. ನಟಿ ಮಾತಾಡುತ್ತಿರುವಾಗ ರೈಲು ಸಿಳ್ಳೆ ಹಾಕಿತೋ, ಅದೂ ಚಿತ್ರದೊಳಗೆ ಸೇರಿಹೋಯಿತು. ಆ ದೃಶ್ಯ ವ್ಯರ್ಥ. ಹಾಗಾಗಿ ರಾತ್ರಿ ಒಂದರಿಂದ ನಾಲ್ಕರವರೆಗೆ, ರೈಲುಗಳು ನಿಂತ ಹೊತ್ತಿನಲ್ಲಿ ಹೆಚ್ಚಿನ ಚಿತ್ರೀಕರಣ ನಡೆಯಿತು. ಕ್ಯಾಮೆರಾಕ್ಕೆ ಕಾಣದಂತೆ ನಟರ ಹತ್ತಿರ ಮೈಕು ಅಡಗಿಸಿಡುತ್ತಿದ್ದರು. ಹಾರ್ಮೋನಿಯಂ, ತಬಲಾ, ಪಿಟೀಲಿನವರು ಚೌಕಟ್ಟಿನಾಚೆ ಮರೆಯಲ್ಲಿ ಕೂತು ನುಡಿಸುತ್ತಿದ್ದರು. ಹಿನ್ನೆಲೆ ಗಾಯನ ಇನ್ನೂ ಹುಟ್ಟದ ಕಾಲ. ನಟಿಸುವವರೇ ಅಲ್ಲೇ ನಿಂತು ಹಾಡಬೇಕು. ಮೂಕಿ ಚಿತ್ರ ತೆಗೆಯುವಾಗ ನಿರ್ದೇಶಕರು ಕ್ಯಾಮೆರಾ ಓಡುತ್ತಿದ್ದಂತೆಯೇ ಕೂಗಿ ಹೇಳಿಕೊಡಬಹುದಿತ್ತು. ಈಗ ನಟರು ಬಾಯಿ ಬಿಡುವಾಗ ಉಳಿದವರೆಲ್ಲ ಉಸಿರು ಬಿಗಿಹಿಡಿದು ನಿಲ್ಲಬೇಕಾಯಿತು.

ಸೇತುವೆಯಿಂದ ಗಿರಗಾಂವ್ ಕಡೆಗೆ ನಡೆದೆ. ಮರದ ಗ್ಯಾಲರಿಗಳ ಹಳೆಯ ಚಾಳುಗಳು, ನಡುವೆ ಗಾಜಿನ ಹೊಸ ಕಟ್ಟಡಗಳು. 1931ರ ಮಾರ್ಚ್ 14ರಂದು ‘ಆಲಂ ಆರಾ’ ತೆರೆಕಂಡ ಮೆಜೆಸ್ಟಿಕ್ ಚಿತ್ರಮಂದಿರ ಇಲ್ಲೇ ಇತ್ತು. ಕಾಫಿಗೆಂದು ಒಂದು ಉಡುಪಿ ಹೋಟೆಲಿಗೆ ನುಗ್ಗಿದೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಹಿರಿಯರು ನನ್ನ ಮಾತಿನ ಧಾಟಿಯಲ್ಲೇ ಊರು ಗುರುತು ಹಿಡಿದರು.

“ಬೆಂಗ್ಳೂರಿನವ್ರಾ? ಎಂತ ಹುಡುಕ್ತಾ ಇದ್ದೀರಿ?”

ಹೇಳಿದೆ.

“ಮೆಜೆಸ್ಟಿಕ್ ಟಾಕೀಸಾ? ಅದು ಹೋಗಿ ಎಷ್ಟೋ ವರ್ಷ ಆಯ್ತು ಮಾರಾಯ್ರೆ. ಅದೇ ಜಾಗದಲ್ಲಿ ಈಗ ಶಾಪಿಂಗ್ ಸೆಂಟರ್ ಉಂಟು. ಹೆಸರು ಮಾತ್ರ ಇನ್ನೂ ಮೆಜೆಸ್ಟಿಕ್ಕೇ.”

ಹೋಗಿ ನಿಂತೆ. ಬಟ್ಟೆಬರೆ, ಚೌಕಾಸಿ, ಮೆಟ್ಟಿಲು ಹತ್ತಿಳಿಯುವ ಜನ. ಆ ಮಾರ್ಚ್ ತಿಂಗಳಲ್ಲಿ ಈ ಬೀದಿ ಹೇಗಿತ್ತೆಂದು ಇರಾನಿಯವರ ಕಾಲದವರು ಹೇಳಿಟ್ಟಿದ್ದಾರೆ. ಬೆಳಗ್ಗೆಯಿಂದಲೇ ಜನ ಮುತ್ತಿದ್ದರು. ಟಿಕೆಟಿಗೆ ಸಾಲು ನಿಲ್ಲುವ ರೂಢಿ ಇನ್ನೂ ಇರಲಿಲ್ಲ. ಕಿಟಕಿಯ ಮುಂದೆ ಬಲ ಇದ್ದವನಿಗೆ ಟಿಕೆಟು. ನಾಲ್ಕಾಣೆಯ ಟಿಕೆಟ್ ಬ್ಲಾಕಿನಲ್ಲಿ ನಾಲ್ಕೈದು ರೂಪಾಯಿಗೆ ಏರಿತು. ಕೊನೆಗೆ ಪೊಲೀಸರನ್ನೇ ಕರೆಸಬೇಕಾಯಿತು. ಅಲ್ಲಿಯವರೆಗೆ ಸಿನಿಮಾ ಎಂದರೆ ಪರದೆಯ ಮುಂದೆ ಕೂತು ವಾದ್ಯ ನುಡಿಸುವವರು, ನಡುನಡುವೆ ಬರುವ ಬರಹದ ಫಲಕಗಳು, ಅಕ್ಷರ ಬಾರದವರಿಗೆ ಗಟ್ಟಿಯಾಗಿ ಓದಿ ಹೇಳುವವರು. ಈಗ ಪರದೆಯ ಮೇಲಿನ ಫಕೀರ ತಾನೇ ಬಾಯಿ ತೆರೆದು ಹಾಡಿದ. ಆ ಪಾತ್ರದ ವಜೀರ್ ಮಹಮ್ಮದ್ ಖಾನರ ಹಾಡು ಊರೆಲ್ಲ ಹಬ್ಬಿತು. ಅಕ್ಷರ ಬಲ್ಲವನಿಗೂ ಬಾರದವನಿಗೂ ಕಥೆ ಒಂದೇ ಗಳಿಗೆಯಲ್ಲಿ ತಲುಪಿದ್ದು ಆ ದಿನದಿಂದ. ಮಾತಿನ ಚಿತ್ರದ ದೊಡ್ಡ ಉಪಕಾರ ಇದೇ ಎಂದು ನನ್ನ ನಂಬಿಕೆ.

ಆ ಸಂಭ್ರಮದ ಮನೆ ಒಳಗಿನಿಂದ ಹೇಗಿದ್ದೀತು ಎಂದು ಊಹಿಸಬೇಕಾದರೆ ಹತ್ತಿರದ ರಾಯಲ್ ಒಪೇರಾ ಹೌಸ್ ನೋಡಬೇಕು. 1911ರಲ್ಲಿ ದೊರೆ ಐದನೇ ಜಾರ್ಜ್ ಸಮ್ಮುಖದಲ್ಲಿ ಉದ್ಘಾಟನೆಯಾದ ನಾಟಕಶಾಲೆ, ಮುಂದೆ ಚಿತ್ರಮಂದಿರ. 1993ರಲ್ಲಿ ಬಾಗಿಲು ಮುಚ್ಚಿ, ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆಯಿತು. ಒಳಗೆ ಹೊನ್ನಿನ ಬಣ್ಣದ ಕುಸುರಿ, ಇಕ್ಕೆಲಗಳಲ್ಲಿ ಬಾಕ್ಸ್‌ಗಳು, ತಲೆಯ ಮೇಲೆ ಚಿತ್ರ ಬರೆದ ಗುಮ್ಮಟ. ‘ಆಲಂ ಆರಾ’ದಲ್ಲಿ ನಟಿಸಿದ್ದ ಪೃಥ್ವಿರಾಜ್ ಕಪೂರ್ ಮುಂದೆ ತಮ್ಮ ನಾಟಕಗಳನ್ನು ಆಡಿದ್ದು ಈ ರಂಗದ ಮೇಲೆಯೇ. ಮೇಲಿನ ಸಾಲಿನಲ್ಲಿ ನಿಂತು ಕೆಳಗೆ ನೋಡಿದೆ. ವೇದಿಕೆಯ ಮೇಲೆ ಯಾರೋ ಕೆಲಸಗಾರರು ಮೆಲ್ಲಗೆ ಆಡಿದ ಮಾತು ನಾನಿದ್ದಲ್ಲಿಗೂ ಸ್ಪಷ್ಟವಾಗಿ ಬಂತು. ಮನುಷ್ಯನ ದನಿಗಾಗಿಯೇ ಕಟ್ಟಿದ ಮನೆಗಳಿಗೆ ಯಂತ್ರದ ದನಿ ಬಂದು ಸೇರಿದ ಕಾಲ ಅದು.

‘ಆಲಂ ಆರಾ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ನಮ್ಮ ಮೊದಲ ಮಾತಿನ ಚಿತ್ರದ ಗತಿಯೂ ಅದೇ. ‘ಸತಿ ಸುಲೋಚನಾ’ ಕನ್ನಡದ್ದಾದರೂ ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಹಣ ಹಾಕಿದವರು ಬೆಂಗಳೂರಿನಲ್ಲಿದ್ದ ಚಮನ್‌ಲಾಲ್ ಡುಂಗಾಜಿ; ಖರ್ಚು ಸುಮಾರು 40,000 ರೂಪಾಯಿ. ನಿರ್ದೇಶಕ ವೈ.ವಿ. ರಾವ್, ಮಾತು ಮತ್ತು ಹಾಡು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬಾ, ರಾವಣನಾಗಿ ಆರ್. ನಾಗೇಂದ್ರರಾಯರು. 1934ರ ಮಾರ್ಚ್ 3ರಂದು ಅದು ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು.

ಊರಿಗೆ ಮರಳಿದವನೇ ಮಾರ್ಕೆಟ್ಟಿಗೆ ಹೋದೆ. ಸಾವಿರ ಸಲ ಓಡಾಡಿದ ದಾರಿ ಅಂದು ಬೇರೆಯೇ ಆಗಿ ಕಂಡಿತು. ಮಾರು ಹೂವಿನ ಲೆಕ್ಕ ಕೂಗುವವರು, ಮೂಟೆ ಹೊತ್ತು “ಸೈಡ್, ಸೈಡ್” ಎನ್ನುವವರು, ಬಸ್ಸಿನ ಹಾರ್ನು. ಇದೇ ಸುತ್ತಿನ ಒಂದು ಕತ್ತಲೆಯ ಮನೆಯಲ್ಲಿ ಪರದೆ ಮೊದಲ ಬಾರಿಗೆ ಕನ್ನಡ ಮಾತಾಡಿತು ಎಂದುಕೊಂಡಾಗ ಮೈ ಜುಮ್ಮೆಂದಿತು.

ಆ ಪ್ರೇಕ್ಷಕರಿಗೆ ಆ ನಟರು ಹೊಸಬರಲ್ಲ. ಕಂಪನಿ ನಾಟಕಗಳಲ್ಲಿ ಪಳಗಿದವರವರು. ಅಲ್ಲಿ ಹಾಡು ಹಿಡಿಸಿತೆಂದರೆ ಜನ “ಒನ್ಸ್ ಮೋರ್” ಎಂದು ಕೂಗುತ್ತಿದ್ದರು, ನಟ ಕಥೆಯನ್ನು ಅಲ್ಲಿಗೇ ನಿಲ್ಲಿಸಿ ಮತ್ತೆ ಹಾಡುತ್ತಿದ್ದ. ಈ ಹೊಸ ರಾವಣನಿಗೆ ಎಷ್ಟು ಕೂಗಿದರೂ ಕೇಳಿಸದು. ಆದರೆ ಅವನಿಗೆ ದಣಿವಿಲ್ಲ, ಗಂಟಲು ಕಟ್ಟುವುದಿಲ್ಲ. ನಾಳೆಯೂ ನಾಡಿದ್ದೂ ಅದೇ ಠೀವಿಯಲ್ಲಿ ಬರುತ್ತಾನೆ. ನಟ ಬೇರೊಂದೂರಿನಲ್ಲಿ ಊಟಕ್ಕೆ ಕೂತಿರುವ ಹೊತ್ತಿನಲ್ಲೇ ಅವನ ದನಿ ಇಲ್ಲಿ ಸಾವಿರ ಜನರನ್ನು ಆಳುತ್ತಿದೆ. ಇನ್ನೊಮ್ಮೆ ಕೇಳಬೇಕೆನಿಸಿದರೆ ಇನ್ನೊಂದು ಟಿಕೆಟ್ ಕೊಂಡರಾಯಿತು. ಇಷ್ಟಪಟ್ಟ ಚಿತ್ರವನ್ನು ಮತ್ತೆ ಮತ್ತೆ ನೋಡುವ ನಮ್ಮ ಹುಚ್ಚು ಶುರುವಾದದ್ದು ಅಂಥ ಟಿಕೆಟ್ ಕಿಟಕಿಗಳಲ್ಲೇ. ರಂಗದ ಮುಂದೆ ಕೂಗುತ್ತಿದ್ದ ಒನ್ಸ್ ಮೋರ್ ಅಂದಿನಿಂದ ಬೀದಿಗೆ ಬಂದು ನಿಂತಿತು.