ಮನೆಯ ಬೆಲೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕೊಂಡ ಮನೆಯ ಬೆಲೆಯನ್ನು ಕೋರ್ಟಿನಲ್ಲಿ ರುಜುವಾತುಪಡಿಸಿ ನೋಡು ಎಂದು ಅವರು ಹೇಳಿರಲಿಲ್ಲ. ಆ ಪಾಠ ನಮಗೆ ಘಣಸೋಲಿಯಲ್ಲಾಯಿತು.

ಕುಂದಾಪುರದ ಕಡೆಯಿಂದ ಬಂದ ನಾವು ದಂಪತಿಗಳು ಮಹಾಪೆಯ ಕಾರ್ಖಾನೆಗಳ ನಡುವೆ ಕ್ಯಾಂಟೀನು ನಡೆಸುತ್ತಿದ್ದೆವು. ಬ್ಯಾಂಕಿನ ಸಾಲದಲ್ಲಿ ಪುಟ್ಟ ಫ್ಲ್ಯಾಟೊಂದನ್ನು ಕೊಂಡೆವು. ನೆಲ ಸಿಡ್ಕೋ ಸಂಸ್ಥೆಯದು, ಗೋಡೆ ಬ್ಯಾಂಕಿನದು, ಬಾಗಿಲ ರಂಗೋಲಿ ಮಾತ್ರ ನಮ್ಮದು ಎಂದು ನಗುತ್ತಿದ್ದೆವು. 2020ರ ಲಾಕ್‌ಡೌನಿನಲ್ಲಿ ಕ್ಯಾಂಟೀನಿನ ಒಲೆ ಆರಿತು, ಕಂತುಗಳೂ ನಿಂತವು.

2022ರಲ್ಲಿ ನೋಟೀಸು ಬಂತು: 60 ದಿನಗಳೊಳಗೆ 31 ಲಕ್ಷ ಕಟ್ಟಬೇಕು. 2002ರ ಸರ್ಫೇಸಿ ಕಾಯಿದೆಯಂತೆ, ಬ್ಯಾಂಕು ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತದೆಯೇ ಅಡವಿಟ್ಟ ಮನೆಯನ್ನು ವಶಪಡಿಸಿಕೊಂಡು ಹರಾಜು ಹಾಕಬಹುದು. ಗಡುವು ಮುಗಿಯಿತು, ಬಾಗಿಲಿಗೆ ಸ್ವಾಧೀನದ ನೋಟೀಸು ಅಂಟಿತು. ನಾವು ಮರ್ಯಾದೆಗೆ ಅಂಜಿ ಊರಿನವರಿಗೆ ಫೋನಿನಲ್ಲಿ 'ಎಲ್ಲ ಸೌಖ್ಯ' ಎನ್ನುತ್ತಲೇ ಇದ್ದೆವು.

ಹರಾಜಿನ ಕನಿಷ್ಠ ಬೆಲೆ 38 ಲಕ್ಷವೆಂದು ತಿಳಿದಾಗ ಎದೆ ಧಸಕ್ಕೆಂದಿತು. ಬೆಲೆ ಕಟ್ಟಿದವರು ಮನೆಯೊಳಗೆ ಕಾಲಿಟ್ಟಿರಲಿಲ್ಲ. ಕಟ್ಟಡದ ವಯಸ್ಸನ್ನು ಹತ್ತು ವರ್ಷ ಹೆಚ್ಚು ಬರೆದಿದ್ದರು. ಬಡ್ಡಿ, ಖರ್ಚು ಕಳೆದರೆ ನಮಗೆ ಉಳಿಯುವುದು ಚಿಪ್ಪೇ.

ಕಡೆಗೆ ಸಂಘದ ಹಿರಿಯ ವಕೀಲರೊಬ್ಬರ ಮುಂದೆ ಬಾಯಿಬಿಟ್ಟೆವು. "ಅಳುವುದು ಆಮೇಲೆ ಮಾರಾಯ್ರೆ, ಮೊದಲು ದಿನ ಎಣಿಸಿ. ಬ್ಯಾಂಕು ಕ್ರಮ ಕೈಗೊಂಡ 45 ದಿನಗಳೊಳಗೆ ಅರ್ಜಿ ಹಾಕಬೇಕು" ಎಂದರು.

ನೋಂದಾಯಿತ ಮೌಲ್ಯಮಾಪಕರನ್ನು ಕರೆಸಿದೆವು. ನಮ್ಮದೇ ಕಟ್ಟಡದಲ್ಲಿ ಆಗತಾನೇ ಮಾರಾಟವಾದ ಎರಡು ಫ್ಲ್ಯಾಟುಗಳ 'ಇಂಡೆಕ್ಸ್ ಟೂ' ಪ್ರತಿಗಳನ್ನು ತೆಗೆಸಿದೆವು. ಕಟ್ಟಡದ ನಿಜವಾದ ವಯಸ್ಸು ತೋರಿಸುವ ಸರ್ಟಿಫಿಕೇಟನ್ನು ಸೊಸೈಟಿಯಿಂದ ತಂದೆವು. ಲೆಕ್ಕ 54 ಲಕ್ಷಕ್ಕೆ ಬಂತು. ವಾಶಿಯ ಸಾಲ ವಸೂಲಿ ನ್ಯಾಯಮಂಡಳಿಯಲ್ಲಿ ನಮ್ಮ ನಾಲಿಗೆ ಒಣಗಿತ್ತು, ಕಾಗದಗಳೇ ಮಾತಾಡಿದವು. ಹರಾಜು ನಿಂತಿತು. ಗಿರಾಕಿಯನ್ನು ನಾವೇ ಹುಡುಕಲು ಸಮಯ ದೊರೆಯಿತು.

52 ಲಕ್ಷಕ್ಕೆ ಮಾರಿದೆವು. ಸಾಲ, ಬಡ್ಡಿ ಎಲ್ಲ ತೀರಿ ಮನೆಯ ಮೇಲಿದ್ದ ಬ್ಯಾಂಕಿನ ಹಕ್ಕು ಹೋಯಿತು. ಜೊತೆಗೆ ಮನೆಯೂ ಹೋಯಿತು. ಉಳಿದ ಹಣದಲ್ಲಿ ಮಗಳ ಕಾಲೇಜು ನಿಲ್ಲಲಿಲ್ಲ. ಈಗ ಅದೇ ಸೆಕ್ಟರಿನಲ್ಲಿ ಬಾಡಿಗೆಗಿದ್ದೇವೆ. ತರಕಾರಿಗೆ ಹೋಗುವಾಗ ಹಳೆಯ ಬಾಲ್ಕನಿಯತ್ತ ಕಣ್ಣು ಹೋಗುವುದುಂಟು. ಅಲ್ಲಿ ನಾವು ಬಿಟ್ಟುಬಂದ ತುಳಸಿ ಚೆನ್ನಾಗಿದೆ.

ಇಂಥ ನೋಟೀಸು ಯಾರ ಮನೆಗೂ ಬಾರದಿರಲಿ. ಬಂದರೆ ಮಾತ್ರ ದಯವಿಟ್ಟು ನಮ್ಮಂತೆ ಮುಚ್ಚಿಡಬೇಡಿ. ನಾಚಿಕೆಯಲ್ಲಿ ಕಳೆದ ದಿನಗಳೂ ಆ 45ರಲ್ಲೇ ಸೇರಿರುತ್ತವೆ.