‘ಅವ್ವ’ ಎಂದು ಬರೆದ ಡಬ್ಬಿ

ಹಳೆಯ ಹಾಡಿನ ಪೆಟ್ಟಿಗೆ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಕರಿಯ ತಟ್ಟೆ ತಿರುಗುವ ಗ್ರಾಮೊಫೋನು. ಅದಕ್ಕಿಂತ ಹಿರಿದಾದ ಫೋನೋಗ್ರಾಫಿನಲ್ಲಿ ತಟ್ಟೆಯಿಲ್ಲ. ಸಣ್ಣ ಲೋಟದ ಗಾತ್ರದ, ಎರಡೂ ತುದಿ ತೆರೆದ ಮೇಣದ ಉರುಳೆಯೊಂದು ಅಡ್ಡಲಾಗಿ ತಿರುಗುತ್ತದೆ. ಎಡಿಸನ್ 1877ರಲ್ಲಿ ತವರದ ಹಾಳೆ ಸುತ್ತಿ ಮಾತನಾಡಿಸಿದ ಯಂತ್ರದ ಸಂತತಿ ಇದು. ಇವೆರಡರ ನಡುವಿನ ದೊಡ್ಡ ಅಂತರ ಆಕಾರದ್ದಲ್ಲ. ಗ್ರಾಮೊಫೋನು ಕಂಪನಿ ಅಚ್ಚುಹಾಕಿ ಕೊಟ್ಟದ್ದನ್ನು ಮಾತ್ರ ನುಡಿಯುತ್ತದೆ. ಫೋನೋಗ್ರಾಫಾದರೋ ಮನೆಯವರ ದನಿಯನ್ನೂ ಹಿಡಿದಿಡಬಲ್ಲದು. ನುಡಿಸುವ ಸೂಜಿಯನ್ನು ತೆಗೆದು ಕೊರೆಯುವ ಸೂಜಿಯನ್ನು ಇಟ್ಟು, ಕಹಳೆಯೊಳಗೆ ಮಾತನಾಡಿದರಾಯಿತು. ಬೇಡವೆನಿಸಿದಾಗ ಮೇಣವನ್ನು ಹೆರೆದು ಮತ್ತೆ ಬಳಸಬಹುದಿತ್ತು.

ನಮ್ಮ ಬಳಗದ ಹಿರಿಯರೊಬ್ಬರು ಕಲ್ಯಾಣದಲ್ಲಿದ್ದಾರೆ. ಅವರ ಅಜ್ಜ ಧಾರವಾಡದ ಕಡೆಯಿಂದ ಬಂದು ಜಿ.ಐ.ಪಿ. ರೈಲ್ವೆಯಲ್ಲಿ ಚಾಕರಿ ಹಿಡಿದವರು; ಸ್ವದೇಶಕ್ಕೆ ಮರಳುತ್ತಿದ್ದ ಇಂಗ್ಲಿಷ್ ಅಧಿಕಾರಿಯೊಬ್ಬನ ಸಾಮಾನು ವಿಕ್ರಯದಲ್ಲಿ ಎಡಿಸನ್ ಸ್ಟ್ಯಾಂಡರ್ಡ್ ಯಂತ್ರವೊಂದನ್ನು ಕೊಂಡಿದ್ದರಂತೆ. ಅಟ್ಟದಿಂದ ಇಳಿದ ಆ ಪೆಟ್ಟಿಗೆ, ಏಳು ಉರುಳೆಗಳೊಡನೆ, ಡೊಂಬಿವಲಿಯ ನಮ್ಮ ಮೇಜಿಗೆ ಬಂತು. ನಾವು ನಾಲ್ವರು. ಠಾಣೆಯ ವಾಗಳೆ ಎಸ್ಟೇಟಿನ ಕಾರ್ಖಾನೆಯಲ್ಲಿ ಲೇತ್ ನಡೆಸಿ ನಿವೃತ್ತರಾದ ಒಬ್ಬರನ್ನು ಬಿಟ್ಟರೆ ಉಳಿದವರಿಗೆ ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸವಿರಲಿಲ್ಲ.

ಮೊದಲ ಪಾಠ ಭಯದ್ದು. ಸುತ್ತಿಟ್ಟ ಸ್ಪ್ರಿಂಗಿನ ಬಿಗಿಯನ್ನು ಪೂರ್ತಿ ಇಳಿಸದೆ ಯಾವ ಭಾಗವನ್ನೂ ಬಿಚ್ಚಬಾರದು. ಆ ಉಕ್ಕಿನ ಪಟ್ಟಿ ಚಿಮ್ಮಿದರೆ ಬೆರಳಿಗೆ ಗ್ಯಾರಂಟಿಯಿಲ್ಲ. ಒಳಗಿನ ಗ್ರೀಸು ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸದನ್ನು ತುಂಬುವುದರಲ್ಲಿ ಎರಡು ಭಾನುವಾರ ಕಳೆದವು. ಪೆಟ್ಟಿಗೆಯ ಓಕ್ ಮರಕ್ಕೆ ಪಾಲಿಶ್ ಹಾಕಬೇಕೆಂಬ ಸಲಹೆ ಬಂದಾಗ ಒಪ್ಪಲಿಲ್ಲ. ಮುಂಬಯಿಯ ಚೋರ್ ಬಜಾರಿನಲ್ಲಿ ಫಳಫಳಿಸುವ ಹಿತ್ತಾಳೆ ಕಹಳೆ ತೊಟ್ಟು ನಿಂತ, ನಿನ್ನೆ ಮೊನ್ನೆ ಜೋಡಿಸಿದ ‘ಪುರಾತನ’ ಗ್ರಾಮೊಫೋನುಗಳನ್ನು ನೋಡಿದವರಿಗೆ ಮಾಸಿದ ಮರದ ಬೆಲೆ ತಿಳಿಯುತ್ತದೆ.

ಮೋಟಾರಿನಿಂದ ಉರುಳೆಗೆ ಚಲನೆ ಒಯ್ಯುವುದು ಒಂದು ತೊಗಲಿನ ಪಟ್ಟಿ. ಹಳೆಯದು ಮುಟ್ಟಿದರೆ ಪುಡಿಯಾಗುತ್ತಿತ್ತು. ಡೊಂಬಿವಲಿ ಸ್ಟೇಶನ್ನಿನ ಹೊರಗೆ ಚಪ್ಪಲಿ ಹೊಲಿಯುವವರ ಬಳಿ ಮುರುಕು ಮರಾಠಿಯಲ್ಲಿ ವಿವರಿಸತೊಡಗಿದೆವು. ಅವರು ನಮ್ಮ ನಮ್ಮೊಳಗಿನ ಮಾತನ್ನು ಕೇಳಿಸಿಕೊಂಡು, “ಯಾವೂರ್ರೀ ನಿಮ್ದು? ಇದೇನು, ಹೊಲಿಗಿ ಮಷೀನಿನ ಪಟ್ಟಾ ಏನು?” ಎಂದರು. ವಿಜಯಪುರದ ಕಡೆಯವರು. ಹೊಲಿಗೆ ಹಾಕಿಕೊಡಿ ಎಂದದ್ದಕ್ಕೆ ತಲೆಯಾಡಿಸಿದರು: “ಹೊಲದ್ರ ಗಂಟು ಬರ್ತದ್ರೀ, ಸುತ್ತಿಗೊಮ್ಮೆ ಬಡೀತದ. ಎರಡೂ ತುದಿ ತೆಳ್ಳಗ ಕೆತ್ತಿ ಅಂಟಸ್ಬೇಕು.” ಅದೇ ಸರಿ. ಜೋಡಣೆಯ ಗಂಟು ಹಾಡಿನಲ್ಲಿ ಬಿಕ್ಕಳಿಕೆಯಂತೆ ಕೇಳಿಸುತ್ತದೆ. ವೇಗ ತಡೆಯುವ ಗವರ್ನರಿಗೆ ಒತ್ತಿಕೊಳ್ಳುವ ಪುಟ್ಟ ತೊಗಲಿನ ತುಂಡನ್ನೂ ಅವರೇ ಕತ್ತರಿಸಿಕೊಟ್ಟರು. ದುಡ್ಡು ಪಟ್ಟಿಗೆ ಮಾತ್ರ ತೆಗೆದುಕೊಂಡರು.

1902ರಿಂದ ಎಡಿಸನ್ ಕಂಪನಿ ಅಚ್ಚಿನಲ್ಲಿ ಎರಕಹೊಯ್ದ ಉರುಳೆಗಳಿಗೆ ನಿಮಿಷಕ್ಕೆ 160 ಸುತ್ತು. ಉರುಳೆಯ ಅಂಚಿಗೆ ಕಾಗದದ ಚೂರು ಸಿಕ್ಕಿಸಿ, ಒಬ್ಬರು ಗಡಿಯಾರ ನೋಡುತ್ತ ಒಬ್ಬರು ಎಣಿಸುತ್ತ, ಗವರ್ನರಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ಅಲ್ಲಿಗೆ ತಂದೆವು. ಸೂಜಿ ಹಿಡಿಯುವ ಡಬ್ಬಿಯೊಳಗಿನ ರಬ್ಬರ್ ಉಂಗುರಗಳು ಕಲ್ಲಾಗಿದ್ದವು, ಅವನ್ನೂ ಬದಲಿಸಿದೆವು. ಆಷಾಢದ ಮಧ್ಯಾಹ್ನ, ಹೊರಗೆ ಮಳೆ ಸುರಿಯುತ್ತಿರುವಾಗ, ಕಪ್ಪು ಉರುಳೆಯೊಂದರಿಂದ ಇಂಗ್ಲಿಷ್ ಬ್ಯಾಂಡ್ ವಾದ್ಯ ಹೊರಟಿತು. ಅದರೊಳಗೆ ಎಣ್ಣೆಯಲ್ಲಿ ಏನೋ ಕರಿಯುವ ಸದ್ದು, ಅದರ ಹಿಂದೆ ಎಲ್ಲೋ ತುತ್ತೂರಿ.

ಐದು ಕಪ್ಪು, ಒಂದು ನೀಲಿ, ಒಂದು ಕಂದು. ನೀಲಿಯದು 1912ರ ಈಚಿನ ನಾಲ್ಕು ನಿಮಿಷದ್ದು. ಅದರ ಗೀರುಗಳು ಇಂಚಿಗೆ 200, ನಮ್ಮ ಯಂತ್ರದ ತಿರುಪು ಇಂಚಿಗೆ 100. ಸಾಲದ್ದಕ್ಕೆ ಅದರ ಒಳಗಿನ ಪ್ಲಾಸ್ಟರು ನಮ್ಮ ಕರಾವಳಿಯ ತೇವ ಕುಡಿದು ಉಬ್ಬಿದೆ. ಅದನ್ನು ಪಕ್ಕಕ್ಕಿಟ್ಟೆವು.

ಕಂದು ಉರುಳೆಯ ರಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಪೆನ್ಸಿಲಿನಲ್ಲಿ ಬರೆದದ್ದು ಒಂದೇ ಮಾತು: ಅವ್ವ.

ಅಜ್ಜನ ತಾಯಿಯೋ, ಮಕ್ಕಳೆಲ್ಲ ಅವ್ವ ಎಂದೇ ಕರೆಯುತ್ತಿದ್ದ ಅಜ್ಜಿಯೋ, ಹಿರಿಯರಿಗೂ ತಿಳಿಯದು. ಇಬ್ಬರ ದನಿಯನ್ನೂ ಅವರು ಕೇಳಿದವರಲ್ಲ. ಮೇಣವನ್ನು ಹೆರೆದುಬಿಟ್ಟಿದ್ದರೆ ಡಬ್ಬಿಯ ಮೇಲಿನ ಹೆಸರಷ್ಟೇ ಉಳಿದಿರಲೂಬಹುದಲ್ಲವೇ? ಎರಡು ಬೆರಳನ್ನು ಉರುಳೆಯ ಒಳಗಿನಿಂದ ಅಗಲಿಸಿ ಹಿಡಿದು, ಮೇಲ್ಮೈಗೆ ಕೈ ತಾಗಿಸದೆ, ಓರೆ ಬೆಳಕಿನಲ್ಲಿ ಭೂತಗನ್ನಡಿ ಇಟ್ಟು ನೋಡಿದೆವು. ಮೂರರಲ್ಲೊಂದು ಭಾಗ ಬೂದು ಛಾಯೆಯ ಗೀರುಗಳು; ಉಳಿದದ್ದು ನುಣುಪು. ಲೆಕ್ಕ ಹಾಕಿದರೆ ನಲವತ್ತು ಸೆಕೆಂಡಿನಷ್ಟು ಮಾತು. ಅಲ್ಲಲ್ಲಿ ಬಿಳಿಯ ಚುಕ್ಕೆಗಳು: ಬೂಷ್ಟು. ಮೇಣವೆಂದು ಕರೆದರೂ ಇದು ಜೇನುಮೇಣವಲ್ಲ, ಒಂದು ಬಗೆಯ ಲೋಹದ ಸಾಬೂನು. ಬೂಷ್ಟು ಇದನ್ನು ತಿನ್ನುತ್ತದೆ, ತಿಂದದ್ದು ಮರಳುವುದಿಲ್ಲ.

ನುಡಿಸಿದರೂ ಸವೆಯುತ್ತದೆ. ಕಂದು ಮೇಣ ಕಪ್ಪಿಗಿಂತ ಮೆದು. ನಮ್ಮ ಯಂತ್ರದ ಸೂಜಿಡಬ್ಬಿ ಗಟ್ಟಿ ಉರುಳೆಗಳಿಗಾಗಿ ಮಾಡಿದ ಭಾರದ್ದು. 1892ರಲ್ಲಿ ಮೈಸೂರಿಗೆ ಬಂದ ವಿವೇಕಾನಂದರ ದನಿಯನ್ನು ಮಹಾರಾಜ ಚಾಮರಾಜ ಒಡೆಯರು ಫೋನೋಗ್ರಾಫಿನಲ್ಲಿ ಹಿಡಿಸಿದ ಸಂಗತಿ ಸ್ವಾಮಿಗಳ ಶಿಷ್ಯರು ಬರೆದ ಜೀವನಚರಿತ್ರೆಯಲ್ಲಿದೆ. ಅರಮನೆಯಲ್ಲಿ ಉಳಿದ ಆ ಮುದ್ರಿಕೆ ಬಹುಕಾಲದ ಹಿಂದೆಯೇ ತಿಳಿಯದಷ್ಟು ಮಸುಕಾಯಿತೆಂಬ ಮಾತೂ ಅಲ್ಲೇ ಇದೆ. ಅರಮನೆಯ ಉರುಳೆಯ ಗತಿಯೇ ಹಾಗಾದರೆ ಅಟ್ಟದ ಉರುಳೆಯದೇನು?

ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಾರ್ಲ್ ಹೇಬರ್ ಮತ್ತು ಸಂಗಡಿಗರು ಸೂಜಿ ತಾಗಿಸದೆ, ಬೆಳಕಿನಿಂದಲೇ ಗೀರುಗಳ ಆಳ ಅಳೆದು ದನಿ ಹೊರಡಿಸುವ ವಿಧಾನವನ್ನು ರೂಪಿಸಿದ್ದಾರೆ. ಅಂಥ ಕಡೆಗೆ ಕಳುಹಿಸೋಣ, ಅಲ್ಲಿಯವರೆಗೆ ಮುಟ್ಟುವುದು ಬೇಡ ಎಂಬುದು ನಮ್ಮಲ್ಲಿ ಮೂವರ ಮತ. ಲೇತಿನವರದು ಬೇರೆ: ಹಗುರ ಸೂಜಿಯೊಂದನ್ನು ಮಾಡಿ ಒಮ್ಮೆ, ಒಮ್ಮೆ ಮಾತ್ರ, ಪಕ್ಕದಲ್ಲಿ ಮೈಕು ಇಟ್ಟು ನುಡಿಸೋಣ. ಹಿರಿಯರು ಎರಡನ್ನೂ ಕೇಳಿ ನಕ್ಕರು. “ನನಗ ಎಂಬತ್ನಾಲ್ಕು. ನೀವು ಮೇಣಾ ಉಳಸ್ತೀರಪಾ, ನನ್ನ ಕಿವಿ ಯಾರು ಉಳಸ್ತಾರ?”

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಕೈಪಿಡಿಗಳು ವಸ್ತುವಿನ ಆಯುಷ್ಯವನ್ನಷ್ಟೇ ಲೆಕ್ಕಿಸುತ್ತವೆ.

ಅಂದು ಅವರು ಬ್ಯಾಂಡಿನ ಉರುಳೆಯನ್ನು ಮೂರು ಸಲ ಹಾಕಿಸಿ, ಕಹಳೆಗೆ ಕಿವಿಯಿಟ್ಟು ಕೇಳಿದರು. “ಅವ್ವನ ದನಿನೂ ಹಿಂಗ ಕೊರಕೊರ ಅಂತದೇನು?” ಇದಕ್ಕಿಂತ ಸಣ್ಣಗಿರಬಹುದು, ಮಾತು ಬಿಡಿಸಿಕೊಳ್ಳುವುದು ಕಷ್ಟ ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ದೀಪಾವಳಿ ಆಗ್ಲಿ. ಹವಾ ಒಣಗ್ಲಿ. ಆಮ್ಯಾಲೆ ನಾ ಹೇಳ್ತೀನಿ” ಎಂದು ಕಂದು ಉರುಳೆಯ ಡಬ್ಬಿಯನ್ನು ಎದೆಗೊತ್ತಿಕೊಂಡು ರಿಕ್ಷಾ ಹತ್ತಿದರು. ಯಂತ್ರವನ್ನು ಒಯ್ಯಲಿಲ್ಲ. ಎರಡೂ ಒಂದೇ ಕಡೆ ಇದ್ದರೆ ತಮಗೆ ತಡೆಯುವುದಾಗುವುದಿಲ್ಲವಂತೆ. ಹಾಗಾಗಿ ಈಗ ಯಂತ್ರ ಡೊಂಬಿವಲಿಯಲ್ಲಿದೆ, ಉರುಳೆ ಕಲ್ಯಾಣದ ಕಪಾಟಿನಲ್ಲಿದೆ. ಲೇತಿನವರು ಹಗುರ ಸೂಜಿಯ ಕೆಲಸವನ್ನು ಆಗಲೇ ಹಿಡಿದಿದ್ದಾರೆ.