ಓಝಾರ್ಕ್ ಕಾಡಿನಲ್ಲಿ ಮಗನ ಮೊದಲ ಶಿಕಾರಿ

"ಅಪ್ಪಯ್ಯ, ಈ ಸಲ ಏಪ್ರಿಲ್‌ನಲ್ಲೇ ಬನ್ನಿ. ಟರ್ಕಿ ಶಿಕಾರಿಗೆ ಹೋಗೋಣ" ಎಂದು ಸೇಂಟ್ ಲೂಯಿಯಿಂದ ಮಗ ಫೋನ್ ಮಾಡಿದಾಗ ತಮಾಷೆಗೆ ಹೇಳುತ್ತಿದ್ದಾನೆ ಎಂದುಕೊಂಡೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಗೋಡೆಯ ಮೇಲಿನ ಕೋವಿ ಇಳಿದು ಅರ್ಧ ಶತಮಾನವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನನ್ನ ತಂದೆ ಶಿಕಾರಿ ಬಿಟ್ಟರು. ಅದಕ್ಕೆ ಮುಂಚೆ ಅವರ ಹಿಂದೆ ಚೀಲ ಹೊತ್ತು ಹೋಗುತ್ತಿದ್ದವನು ನಾನು. ಒಂದು ಬೆಳಗ್ಗೆ ಮಾತ್ರ ಮರೆತಿಲ್ಲ. ಹೊಡೆದ ಕಾಡುಕೋಳಿಯನ್ನು ಎತ್ತಿಕೊಳ್ಳಲು ಹೋದರೆ ಅದು ಹೇಟೆ. ಪಕ್ಕದ ಪೊದೆಯಲ್ಲಿ ಮರಿಗಳು ಚಿಂವ್‌ಗುಟ್ಟುತ್ತಿದ್ದವು. ತಂದೆ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಈ ಸಂಗತಿಯನ್ನು ಮಗನಿಗೆ ಎಂದೂ ಹೇಳಿರಲಿಲ್ಲ.

ಟರ್ಕಿ ಅಪ್ಪಟ ಅಮೆರಿಕದ ಹಕ್ಕಿ. ಆದರೆ ಅದರ ಹೆಸರುಗಳೆಲ್ಲ ದಾರಿ ತಪ್ಪಿದವು. ಇಂಗ್ಲಿಷರು ತುರ್ಕಿ ದೇಶದ ಹೆಸರಿಟ್ಟರೆ, ತುರ್ಕಿಯವರು ಅದನ್ನು ಹಿಂದೂಸ್ಥಾನದ್ದೆಂದು ಬಗೆದು 'ಹಿಂದಿ' ಎಂದರು. ಡಚ್ಚರ 'ಕಾಲ್ಕೂನ್' ಬಂದದ್ದು ನಮ್ಮ ನೆರೆಯ ಕಲ್ಲಿಕೋಟೆಯ ಹೆಸರಿನಿಂದ. 1612ರಲ್ಲಿ ಗೋವೆಯಿಂದ ಜಹಾಂಗೀರನ ಆಸ್ಥಾನಕ್ಕೆ ಹೋದ ಟರ್ಕಿಯೊಂದನ್ನು ಚಿತ್ರಕಾರ ಮನ್ಸೂರ್ ಬಣ್ಣಗಳಲ್ಲಿ ಮೂಡಿಸಿದ್ದಾನೆ. ಹೀಗೆ ನೋಡಿದರೆ ನಮಗೂ ಅದಕ್ಕೂ ಹಳೆಯ ನಂಟು.

ನಾನು ಹೋಗುವ ಹೊತ್ತಿಗೆ ಮಗನ ಮನೆಯಲ್ಲಿ ತಯಾರಿ ಜೋರಾಗಿಯೇ ನಡೆದಿತ್ತು. ಮಿಸ್ಸೌರಿ ರಾಜ್ಯದಲ್ಲಿ 1967ರಿಂದೀಚೆಗೆ ಹುಟ್ಟಿದವರು ಸ್ವತಂತ್ರವಾಗಿ ಶಿಕಾರಿಗೆ ಹೋಗಬೇಕಾದರೆ ಶಿಕ್ಷಣ ಪಡೆದು ಪರೀಕ್ಷೆ ಪಾಸು ಮಾಡಬೇಕು. ಮಗ ಪಾಸಾಗಿದ್ದ. ಈಗ ಕೂಗು ಕಲಿಯುತ್ತಿದ್ದ. ಮರದ ಪುಟ್ಟ ಪೆಟ್ಟಿಗೆ. ಅದರ ಮುಚ್ಚಳಕ್ಕೆ ಸೀಮೆಸುಣ್ಣ ಸವರಿ ಅಂಚಿಗೆ ತೀಡಿದರೆ ಹೇಟೆ ಕರೆದ ಹಾಗೆಯೇ ದನಿ. "ಮಾವ, ಇವರು ಒಂದು ತಿಂಗಳಿಂದ ಹೆಣ್ಣು ಕೋಳಿಯಾಗಿದ್ದಾರೆ" ಎಂದು ಸೊಸೆ ದೂರಿದಳು.

ಇದರಲ್ಲೊಂದು ಸೋಜಿಗವಿದೆ. ಪ್ರಕೃತಿಯಲ್ಲಿ ಹುಂಜ ಗುಟುರು ಹಾಕುತ್ತದೆ, ಹೇಟೆ ಹುಡುಕಿಕೊಂಡು ಹೋಗುತ್ತದೆ. ಶಿಕಾರಿಯವನು ಹೇಟೆಯಾಗಿ ಕೂತಲ್ಲೇ ಕೂತು ಹುಂಜವನ್ನೇ ಬರಿಸಿಕೊಳ್ಳಬೇಕು. ಅದರ ಕಣ್ಣೋ ಬಹಳ ಚುರುಕು; ರೆಪ್ಪೆ ಅಲುಗಿದರೂ ಹಾರಿತು ಎನ್ನಿ. ಅದಕ್ಕೇ ಮುಖಕ್ಕೂ ಕೈಗೂ ಎಲೆಬಣ್ಣದ ಬಟ್ಟೆ. ಕೆಂಪು, ಬಿಳಿ, ನೀಲಿ ಬಣ್ಣ ಕರವಸ್ತ್ರದಲ್ಲೂ ಇರಕೂಡದು. ಹುಂಜದ ತಲೆಯ ಬಣ್ಣ ಅವೇ ಆದ್ದರಿಂದ ಇನ್ನೊಬ್ಬ ಶಿಕಾರಿಯವನು ನಮಗೇ ಗುಂಡು ಹಾರಿಸಿಯಾನು! ಹೆಗಲಿಗಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂರಬೇಕು. ಯಾರಾದರೂ ಬಂದರೆ ಕೈ ಬೀಸದೆ ಗಟ್ಟಿಯಾಗಿ ಮಾತಾಡಬೇಕು. ಮಗ 40 ಗಜ ದೂರದಲ್ಲಿ ಕಾಗದ ನಿಲ್ಲಿಸಿ, ಗುಂಡು ಹೊಡೆದು, ಚರೆ ಎಷ್ಟು ಹರಡುತ್ತದೆಂದು ಎಣಿಸಿದ್ದ. ಅದರಾಚೆ ಹಕ್ಕಿ ಗಾಯಗೊಂಡು ನರಳುತ್ತದಂತೆ. ವಸಂತದಲ್ಲಿ ಹುಂಜವನ್ನು, ಇಲ್ಲವೇ ಎದೆಯಲ್ಲಿ ಕುದುರೆಕೂದಲಿನಂಥ ಗಡ್ಡ ಕಾಣುವ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ಹೊಡೆದರೆ ಅದೇ ರಾತ್ರಿ 10 ಗಂಟೆಯೊಳಗೆ ಇಲಾಖೆಗೆ ತಿಳಿಸಬೇಕು.

ಏಪ್ರಿಲ್ ಮೂರನೆಯ ವಾರದ ಆಸುಪಾಸಿನ ಸೋಮವಾರ ಋತು ಆರಂಭ. ಭಾನುವಾರವೇ ಹೊರಟೆವು. ಸುಮಾರು ಮೂರು ಗಂಟೆ ದಕ್ಷಿಣಕ್ಕೆ ಕಾರು ಓಡಿದ ಮೇಲೆ ಓಝಾರ್ಕ್ ಗುಡ್ಡಗಳು ಎದುರಾದವು. ಓಕ್ ಮರಗಳು ಚಿಗುರುತ್ತಿದ್ದವು. ನಡುನಡುವೆ ಡಾಗ್‌ವುಡ್ ಬಿಳಿ ಹೂ ಬಿಟ್ಟು ನಿಂತಿತ್ತು. ಕರೆಂಟ್ ನದಿಯ ತಿಳಿನೀರು ಕಂಡಾಗ ನನಗೆ ನಮ್ಮ ತುಂಗೆಯ ನೆನಪು.

ಈ ಗುಡ್ಡಗಳಲ್ಲೂ ಟರ್ಕಿ ಮುಗಿದೇ ಹೋಗುವುದರಲ್ಲಿತ್ತು. ಮರ ಕಡಿದರು, ಕಂಡಕಂಡಲ್ಲಿ ಹೊಡೆದರು. 1952ರ ಹೊತ್ತಿಗೆ ಇಡೀ ಮಿಸ್ಸೌರಿಯಲ್ಲಿ ಉಳಿದದ್ದು 2,500ಕ್ಕೂ ಕಡಿಮೆ. 1954ರಿಂದ ಇಲ್ಲಿನ ಪೆಕ್ ರಾಂಚ್ ಕಾಡಿನಲ್ಲಿ ಹಕ್ಕಿಗಳನ್ನು ಬಲೆ ಹಾರಿಸಿ ಹಿಡಿದು, ಬೇರೆ ಜಿಲ್ಲೆಗಳ ಕಾಡುಗಳಲ್ಲಿ ಬಿಟ್ಟರು. 1960ರಲ್ಲಿ ಮತ್ತೆ ಶಿಕಾರಿಗೆ ಅನುಮತಿ ಕೊಟ್ಟಾಗ ಸಿಕ್ಕಿದ್ದು 94 ಹಕ್ಕಿ. ಇಂದು ರಾಜ್ಯದ ಎಲ್ಲ ಕಡೆ ಟರ್ಕಿ ಇದೆ. ಅಮೆರಿಕದಲ್ಲಿ ಬಂದೂಕು, ತೋಟಾಗಳ ಮೇಲಿನ ತೆರಿಗೆ 1937ರ ಕಾಯ್ದೆಯ ಪ್ರಕಾರ ವನ್ಯಜೀವಿಗಳಿಗೇ ಖರ್ಚಾಗುತ್ತದೆ. ನಮ್ಮಲ್ಲಿ ಕೋವಿ ಕೆಳಗಿಳಿಸಿ ಕಾಡುಕೋಳಿ ಉಳಿಸಿದೆವು. ಇವರು ಕೋವಿಗೆ ಲೆಕ್ಕ ಕಟ್ಟಿ ಟರ್ಕಿ ಉಳಿಸಿದರು. ಯಾವುದು ಸರಿ ಎಂದು ಸಂಜೆಯವರೆಗೂ ಯೋಚಿಸಿದೆ, ಬಗೆಹರಿಯಲಿಲ್ಲ.

ಮಗನ ಸಹೋದ್ಯೋಗಿಯ ತಂದೆಯ ಜಮೀನಿನಲ್ಲಿ ನಮ್ಮ ಬಿಡಾರ. ಸಂಜೆ ಆ ಹಿರಿಯರು ನಮ್ಮನ್ನು ದಿಣ್ಣೆಗೆ ಕರೆದೊಯ್ದು, ಬಾಯಿಗೆ ಕೈ ಅಡ್ಡಹಿಡಿದು ಗೂಬೆಯಂತೆ ಕೂಗಿದರು. ಎದುರಿನ ಇಳಿಜಾರಿನಿಂದ ಗುಟುರು ಕೇಳಿತು. ಗೂಬೆಯ ದನಿಗೆ ಹುಂಜ ತಡೆಯಲಾರದೆ ಉತ್ತರಿಸುತ್ತದೆ. ರಾತ್ರಿ ಯಾವ ಮರದಲ್ಲಿ ಕೂತಿದೆ ಎಂದು ಹೀಗೆ ತಿಳಿಯುತ್ತದೆ. ಹಿಂತಿರುಗಿದವರು ಮೊದಲು ಮಾಡಿದ ಕೆಲಸ ಮೈಮೇಲಿನ ಉಣುಗು ಹುಡುಕಿದ್ದು. ಮಂಗನ ಕಾಯಿಲೆಯ ಸೀಮೆಯಿಂದ ಬಂದ ನನಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಮರುದಿನ ಕತ್ತಲಲ್ಲೇ ಹೋಗಿ ಕೂತೆವು. ನಾನು ಬರಿಗೈ. ಮಗ 40 ಹೆಜ್ಜೆ ಅಳೆದು ಒಂದು ಡಾಗ್‌ವುಡ್ ಗಿಡವನ್ನು ಗುರುತು ಮಾಡಿಕೊಂಡ. ಬೆಳಕು ಹರಿಯುತ್ತಿದ್ದಂತೆ ಗುಟುರು. ಮಗ ಪೆಟ್ಟಿಗೆ ತೀಡಿದ. ರೆಕ್ಕೆ ಬಡಿದು ಇಳಿದ ಸದ್ದು. ಬಹಳ ಹೊತ್ತಿನ ಮೇಲೆ ಹುಂಜ ಬಂತು. ಬಾಲ ಬಿಚ್ಚಿ, ಮೈ ಉಬ್ಬಿಸಿ, ಬಿಸಿಲಿಗೆ ತಾಮ್ರದಂತೆ ಹೊಳೆಯುತ್ತ. ಅದರ ಹಿಂದೆ ಎರಡು ಹೇಟೆ. ಡಾಗ್‌ವುಡ್‌ನ ಆಚೆಗೇ ನಿಂತಿತು. ಮಗನ ಕೋವಿ ಮೊಣಕಾಲ ಮೇಲಿತ್ತು. ನನ್ನ ಎದೆಯ ಬಡಿತ ನನಗೇ ಕೇಳುತ್ತಿತ್ತು. ಹೊಡೆಯಲಿ ಎನ್ನುತ್ತಿದ್ದೆನೋ ಬೇಡ ಎನ್ನುತ್ತಿದ್ದೆನೋ ಈಗಲೂ ಹೇಳಲಾರೆ. ಹುಂಜ ಒಂದು ಸುತ್ತು ತಿರುಗಿ ಹೇಟೆಗಳ ಜೊತೆ ಇಳಿಜಾರಿಗೆ ಹೋಯಿತು.

"ದೂರ ಇತ್ತು ಅಪ್ಪಯ್ಯ. ಹಿಂದೆ ಹೇಟೆಗಳೂ ಇದ್ದವು" ಎಂದ, ತಪ್ಪು ಮಾಡಿದವನಂತೆ.

ಆಗ ಅವನಿಗೆ ಪೊದೆಯ ಮರಿಗಳ ಕಥೆ ಹೇಳಿದೆ. ಕೇಳಿ ಸುಮ್ಮನಿದ್ದ. ಸೊಸೆ ಕಟ್ಟಿಕೊಟ್ಟಿದ್ದ ಚಪಾತಿಯನ್ನು ಅದೇ ಮರದ ಕೆಳಗೆ ಬಿಚ್ಚಿ ತಿಂದೆವು. ಆಮೇಲೆ ಕೇಳಿದ, "ಶನಿವಾರ ಮತ್ತೆ ಬರ್ತೀರಾ?"

"ಬರ್ತೇನೆ. ಆ ಗೂಬೆ ಕೂಗು ನನಗೂ ಕಲಿಸು" ಎಂದೆ.